ಮೊದಲ ಲೇಡಿ ಡಾಕ್ಟ್ರು ಗೇಟಿನಲ್ಲಿ, ಈಗಿನವರು ರಜೆ

ಆ ಫ್ಲೆಕ್ಸ್ ನೀವೂ ನೋಡಿರ್ತೀರಿ, ಎಲ್ಲರ ವಾಟ್ಸಾಪಿಗೂ ಬಂದಿದೆ. ಮಹಿಳಾ ದಿನಕ್ಕೆಂದು ಕೇರಳದ ಕಾಸರಗೋಡು ಕಡೆಯ ನಮ್ಮೂರ ಸರಕಾರಿ ಆಸ್ಪತ್ರೆಯ ಗೇಟಿಗೆ ಕಟ್ಟಿದ್ದು. ಮೂಲೆಯಲ್ಲಿ ಸೀರೆಯುಟ್ಟ ಆನಂದಿಬಾಯಿ ಜೋಶಿ, ಉಳಿದ ಜಾಗ ಪೂರ್ತಿ ಕೈಮುಗಿದ ಮುಖಂಡರು. ಕೆಳಗೆ ಗೋಡೆಗೆ ಅಂಟಿಸಿದ ಸಣ್ಣ ಚೀಟಿ ಯಾರ ಕಣ್ಣಿಗೂ ಬಿದ್ದ ಹಾಗಿಲ್ಲ: ಹೆರಿಗೆ ಡಾಕ್ಟ್ರು ರಜೆ. ಅದೂ ಮಲಯಾಳದಲ್ಲಿ ಮಾತ್ರ.

ಊರವರಿಗೆ ಚಿಂತೆ ಬೇರೆಯೇ. ದೇಶದ ಮೊದಲ ಲೇಡಿ ಡಾಕ್ಟ್ರು ಯಾರು? ಆನಂದಿಬಾಯಿ 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಾಸಾದರು, ಅದೇ ವರ್ಷ ಕಲ್ಕತ್ತೆಯಲ್ಲಿ ಕಾದಂಬಿನಿ ಗಂಗೂಲಿ. ಗ್ರೂಪಿನಲ್ಲಿ ರಾತ್ರಿಯಿಡೀ ಜಗಳ. ಅತ್ತ ಪೆರ್ಲದಿಂದ ನೋವು ತಿನ್ನುತ್ತಾ ಬಂದ ಬಸುರಿಗೆ ಸಿಸ್ಟರ್ ಹೇಳಿದ್ದು ಒಂದೇ ಮಾತು, "ಮಂಗಳೂರಿಗೆ ಕೊಂಡುಹೋಗಿ." ಕಾಸರಗೋಡಿನಲ್ಲಿ ಪ್ರಥಮ ಚಿಕಿತ್ಸೆ ಅಂದರೆ ಇದೇ ಅಲ್ವಾ?

ಸಭೆಯ ಭಾಷಣವಂತೂ ಚಂದ. ಹೆಂಡತಿ ಆನಂದಿಬಾಯಿಯನ್ನು ಓದಿಸಿದ ಗೋಪಾಲರಾಯರಂಥ ಗಂಡ ಎಲ್ಲರಿಗೂ ಸಿಗಲಿ ಅಂದರು. ಸಿಗಲಿ ಬಿಡಿ. ಒಂಬತ್ತು ವರ್ಷದ ಹುಡುಗಿಯನ್ನು ಮದುವೆಯಾದವರು. ಓದಿಸಿದ್ದೂ ನಿಜ, ಕಟ್ಟಿಗೆಯಲ್ಲಿ ಹೊಡೆದದ್ದೂ, ಸಿಟ್ಟಲ್ಲಿ ಕುರ್ಚಿ, ಪುಸ್ತಕ ಎಸೆದದ್ದೂ ನಿಜ. ಆಕೆಯೇ ಅಮೆರಿಕದಿಂದ ಅವರಿಗೆ ಕಾಗದ ಬರೆದು ನೆನಪಿಸಿದ್ದರು. ಭಾಷಣಕಾರರಿಗೆ ಆ ಕಾಗದ ತಲುಪಿಲ್ಲ. ಹದಿನಾಲ್ಕಕ್ಕೆ ಹೆತ್ತ ಮಗು ಹತ್ತೇ ದಿನಕ್ಕೆ ಹೋಯಿತು. ಹೆಂಗಸರಿಗೆ ಹೆಂಗಸು ಡಾಕ್ಟ್ರು ಬೇಕು ಅಂತ ಹಟ ಹಿಡಿದು 1883ರಲ್ಲಿ ಹಡಗು ಹತ್ತಿದರು. ವಾಪಸ್ ಬಂದಾಗ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಕೆಲಸ ಕಾದಿತ್ತು. ಕ್ಷಯ ಬಿಡಲಿಲ್ಲ. 1887ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಇನ್ನೂ 22 ತುಂಬಿರಲಿಲ್ಲ. ಸತ್ತವರನ್ನು ಫ್ಲೆಕ್ಸಿಗೆ ಹಾಕುವುದು ಸುಲಭ, ಸಂಬಳ ಕೊಡಬೇಕಾಗಿಲ್ಲ, ವರ್ಗಾವಣೆಯನ್ನೂ ಕೇಳುವುದಿಲ್ಲ.

ನಮ್ಮ ಜಿಲ್ಲೆಗೆಂದು ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದವರು ಗಡಿಗೆ ಮಣ್ಣು ಸುರಿದು ದಾರಿ ಮುಚ್ಚಿದಾಗಲೂ ಅದು ಬರೀ ಕಟ್ಟಡ. ಮಂಗಳೂರಿಗೆ ಹೊರಟ ಆಂಬುಲೆನ್ಸುಗಳನ್ನು ಗಡಿಯ ತಲಪಾಡಿಯಿಂದ ವಾಪಸ್ ಕಳಿಸಿದರು. ಜನ ಸತ್ತರು, ಒಬ್ಬಾಕೆಗೆ ಆಂಬುಲೆನ್ಸಿನಲ್ಲೇ ಹೆರಿಗೆಯಾಯಿತು. ಇದಕ್ಕೆ ತಮಾಷೆ ಮಾಡಲು ನನಗೆ ಬರುವುದಿಲ್ಲ. ಆ ಕಡೆಯವರು ಮಣ್ಣು ಹಾಕಿದರು, ಈ ಕಡೆಯವರು ಅಷ್ಟು ವರ್ಷ ಏನೂ ಮಾಡಿರಲಿಲ್ಲ. ಅಷ್ಟೇ.

ಈಗ ಹೆದ್ದಾರಿ ಆರು ಪಥ ಆಗಿದೆ, ಬಸುರಿಯರು ಬೇಗ ಮಂಗಳೂರು ಮುಟ್ಟುತ್ತಾರೆ. ಆರೋಗ್ಯ ಇಲಾಖೆಯ ಕೆಲಸವನ್ನು ರಸ್ತೆಯವರು ಮಾಡಿಕೊಟ್ಟ ಹಾಗಾಯಿತು. ತಲಪಾಡಿಯ ಟೋಲನ್ನು ಹೆರಿಗೆ ಖರ್ಚಿಗೆ ಸೇರಿಸಿಕೊಂಡರಾಯಿತು.