ಸ್ಪಷ್ಟನೆ: ಗ್ರೀನ್ ಕಾರ್ಡ್, ಎಚ್‌1ಬಿ ಇದ್ದವರೂ ಪ್ರಚಾರಕ್ಕೆ ಕೈಜೋಡಿಸಬಹುದು

“ಅಮೆರಿಕದ ಪ್ರಜೆಗಳಲ್ಲದವರು ಯಾವ ಅಭ್ಯರ್ಥಿಗೂ ಸ್ವಯಂಸೇವಕರಾಗುವಂತಿಲ್ಲ, ಕರಪತ್ರ ಹಂಚಿದರೂ ಅಪರಾಧ” ಎಂಬ ಮೆಸೇಜ್ ಅಮೆರಿಕದಲ್ಲಿರುವ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು.

ಚುನಾವಣಾ ದೇಣಿಗೆ, ಖರ್ಚುಗಳ ಮೇಲೆ ಕಣ್ಣಿಡುವ ಅಮೆರಿಕದ ಫೆಡರಲ್ ಎಲೆಕ್ಷನ್ ಕಮಿಷನ್ ನಿಯಮ ಸ್ಪಷ್ಟವಾಗಿದೆ. ಎಚ್‌1ಬಿಯಂಥ ಉದ್ಯೋಗ ವೀಸಾದಲ್ಲಿರುವವರು ಸಂಬಳವಿಲ್ಲದೆ ಮನೆ ಮನೆಗೆ ಹೋಗಬಹುದು, ಫೋನ್ ಮಾಡಬಹುದು, ಸಭೆಗೂ ಹೋಗಬಹುದು. ಆದರೆ ದೇಣಿಗೆ ಕೊಡುವಂತಿಲ್ಲ, ಪ್ರಚಾರಕ್ಕೆ ಕೈಯಿಂದ ಖರ್ಚು ಮಾಡುವಂತಿಲ್ಲ, ಹಣ ಹೇಗೆ ಬಳಸಬೇಕೆಂಬ ತೀರ್ಮಾನದಲ್ಲಿ ಪಾಲ್ಗೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಇದ್ದವರು ಫೆಡರಲ್, ಅಂದರೆ ರಾಷ್ಟ್ರಮಟ್ಟದ ಚುನಾವಣೆಯ ಅಭ್ಯರ್ಥಿಗಳಿಗೆ ದೇಣಿಗೆಯನ್ನೂ ಕೊಡಬಹುದು.

ಕನಿಷ್ಠ ಕೂಲಿ ಏರಿಸಬೇಕೇ ಎಂದು ಮತದ ಮೂಲಕ ಜನರನ್ನೇ ಕೇಳುವಂಥ ಬ್ಯಾಲಟ್ ಮೆಷರ್‌ಗಳ ವಿಷಯ ಸ್ವಲ್ಪ ಬೇರೆ. ಅವುಗಳಿಗೆ ಹಣ ಕೊಡುವುದಕ್ಕೆ, ಅವನ್ನು ಮತಪತ್ರಕ್ಕೆ ಸೇರಿಸಲು ಜನರ ಸಹಿ ಸಂಗ್ರಹಿಸುವುದಕ್ಕೆ ರಾಜ್ಯಕ್ಕೊಂದು ಕಾನೂನು. ಒಂದು ರಾಜ್ಯದಲ್ಲಿ ನಡೆಯುತ್ತೆ ಅಂತ ಇನ್ನೊಂದರಲ್ಲಿ ಸುಮ್ನೆ ಪೆನ್ನು ಹಿಡಿದು ಹೊರಡಬೇಡಿ. ಮೊದಲು ಆ ರಾಜ್ಯದ ಚುನಾವಣಾ ಕಚೇರಿಯಲ್ಲಿ ವಿಚಾರಿಸಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಮತದಾರರ ನೋಂದಣಿಯ ಫೆಡರಲ್ ಫಾರ್ಮ್‌ನಲ್ಲಿ ಮೊದಲ ಪ್ರಶ್ನೆಯೇ “ನೀವು ಅಮೆರಿಕದ ಪ್ರಜೆಯೇ?” ಎಂಬುದು. ಅಲ್ಲದಿದ್ದರೆ ಮುಂದೆ ತುಂಬಬಾರದು. ಪ್ರಜೆಯಲ್ಲದವರು “ಹೌದು” ಎಂದು ಗುರುತು ಹಾಕಿದರೆ ಗಡೀಪಾರಿನವರೆಗೂ ಹೋಗಬಹುದು. ಪ್ರಚಾರದ ಕೆಲಸ ಬೇರೆ, ಮತದಾನ ಬೇರೆ.

ಎಷ್ಟೋ ಪ್ರಗತಿಪರ ಅಭ್ಯರ್ಥಿಗಳು ದುಡ್ಡಿಗಿಂತ ಜಾಸ್ತಿ ನೆಚ್ಚಿಕೊಳ್ಳುವುದು ಬಾಗಿಲು ತಟ್ಟುವ ಜನರನ್ನೇ. 2025ರಲ್ಲಿ ನ್ಯೂಯಾರ್ಕ್ ಮೇಯರ್ ಆಗಿ ಗೆದ್ದ ಜೊಹ್ರಾನ್ ಮಮ್ದಾನಿಯವರ ಪರ ಸಾವಿರಾರು ಸ್ವಯಂಸೇವಕರು ದುಡಿದಿದ್ದರು. ಬರುವ ಮನಸ್ಸಿದ್ದವರು ತಪ್ಪು ಮಾಹಿತಿಯಿಂದ ಹಿಂದೆ ಸರಿಯಬಾರದು, ಅಲ್ವಾ? ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.