ಪುಕ್ಕಟೆ ಕೊಟ್ಟರೆ ಬೆಲೆ ಇರಲ್ಲ ಅನ್ನುವವರಿಗೆ

ಕಳೆದ ವಾರ ಊಟದ ಸಾಲಿನಲ್ಲಿ ನಿಂತಾಗ ಗೆಳೆಯರೊಬ್ಬರು ನಾವು ಪುಕ್ಕಟೆ ನಡೆಸುವ ಮಕ್ಕಳ ಸ್ಕೌಟ್ ತಂಡದ ಬಗ್ಗೆ ಹೇಳಿದರು, "ಹತ್ತು ಡಾಲರ್ ಆದ್ರೂ ಇಸ್ಕೊಳ್ಳಿ, ಪುಕ್ಕಟೆ ಕೊಟ್ಟರೆ ಬೆಲೆ ಇರಲ್ಲ." ಆಗ ಸುಮ್ಮನಿದ್ದೆ. ಮನಸ್ಸಿನಿಂದ ಹೋಗಲಿಲ್ಲ.

ಅಮೆರಿಕದ ಅಟ್ಲಾಂಟಾ ಪಕ್ಕದ ಕ್ಲಾರ್ಕ್‌ಸ್ಟನ್‌ನಲ್ಲಿ ನಾವು ಕೆಲವರು ಸೇರಿ ನಿರಾಶ್ರಿತ ಮಕ್ಕಳಿಗೆ ಸ್ಕೌಟ್ ತಂಡ ನಡೆಸುತ್ತೇವೆ. ಚಿಕ್ಕ ಊರು. ಬರ್ಮಾ, ಕಾಂಗೋ, ಅಫ್ಘಾನಿಸ್ತಾನ, ಭೂತಾನದಿಂದ ಬಂದವರು ಒಂದೇ ಬೀದಿಯಲ್ಲಿ ಸಿಗುತ್ತಾರೆ. ಇಲ್ಲಿ ಸ್ಕೌಟ್ ನೋಂದಣಿಗೇ 2024ರಲ್ಲಿ ಒಂದು ಮಗುವಿಗೆ ವರ್ಷಕ್ಕೆ 85 ಡಾಲರ್ ಇತ್ತು. ಮೂರು ಮಕ್ಕಳಿದ್ದರೆ 255. ಸಮವಸ್ತ್ರ, ಬೂಟು, ಸ್ಲೀಪಿಂಗ್ ಬ್ಯಾಗ್ ಬೇರೆ. ಮೊದಲ ವರ್ಷ ನಾವೂ ಸ್ವಲ್ಪ ದುಡ್ಡು ಕೇಳಿದ್ದೆವು. ಯಾರೂ ಆಗಲ್ಲ ಅನ್ನಲಿಲ್ಲ, ಜಗಳ ಆಡಲಿಲ್ಲ, ಮುಂದಿನ ವಾರದಿಂದ ಅಣ್ಣ ತಂಗಿ ಇಬ್ಬರು ಬರೋದು ನಿಂತುಹೋಯಿತು, ಅಷ್ಟೆ. ಅಪ್ಪ ಕೋಳಿ ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಮನೆಯಲ್ಲಿ ಕಾರಿಲ್ಲ. ಅದಕ್ಕೇ ಈಗ ಶುಲ್ಕ ಮಾತ್ರ ಅಲ್ಲ, ಮನೆ ಬಾಗಿಲಿಂದ ಕರೆದೊಯ್ದು ಮನೆ ಬಾಗಿಲಿಗೆ ಬಿಡುವ ತನಕ ಎಲ್ಲ ನಮ್ಮದೇ.

ಮನೆಯವರ ಕೈಲಾಗೋದು ನೋಡಿ ಶುಲ್ಕ ಇಡೋದೇನು ಹೊಸದಲ್ಲ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲಿ ಸ್ಕೌಟ್ ಸ್ಥಾಪಕ ಬೇಡನ್ ಪೊವೆಲ್ ಸಿರಿವಂತರ ಮಕ್ಕಳಿಂದ 1 ಪೌಂಡ್ ತಗೊಂಡರು, ಉಳಿದವರಿಂದ ಮೂರೂವರೆ ಶಿಲ್ಲಿಂಗ್ (ಆಗ ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್). ಮಲಗಿದ್ದು ಎಲ್ಲರೂ ಒಂದೇ ತರದ ಡೇರೆಗಳಲ್ಲಿ.

ದುಡ್ಡಿಗಿಂತ ಕಷ್ಟದ್ದು ಇನ್ನೊಂದಿದೆ. ಕಾಂಗೋದ ಒಬ್ಬ ತಂದೆ ನಮ್ಮ ಒಪ್ಪಿಗೆ ಪತ್ರದಲ್ಲಿ 'ಕ್ಯಾಂಪ್' ಅಂತ ಇದ್ದದ್ದು ನೋಡಿ ಕೇಳಿದರು: "ನನ್ನ ಮಗಳು ಹುಟ್ಟಿದ್ದೇ ಕ್ಯಾಂಪಿನಲ್ಲಿ. ಅಲ್ಲಿಂದ ಬಿಡಿಸಿಕೊಂಡು ಬಂದೆ. ಮತ್ತೆ ಯಾಕೆ ಕ್ಯಾಂಪಿಗೆ ಕಳಿಸಲಿ?" ತಾಂಜಾನಿಯಾದ ನ್ಯಾರುಗುಸು ನಿರಾಶ್ರಿತರ ಶಿಬಿರವೇ ಅವರ ಕ್ಯಾಂಪು. ಆ ಪದ ನಮಗೆ ರಜೆಯ ಮಾತು, ಅವರಿಗೆ ವರ್ಷಗಟ್ಟಲೆ ರೇಷನ್ ಸಾಲು. ಅಂದಿನಿಂದ ಪತ್ರದಲ್ಲಿ 'ಕಾಡಿನಲ್ಲಿ ಎರಡು ರಾತ್ರಿ' ಅಂತ ಬರೆಯುತ್ತೇವೆ. ಮೊದಲ ರಾತ್ರಿ ಅಪ್ಪ ಅಮ್ಮನೂ ಬರಬಹುದು. ಆ ತಂದೆ ಬಂದರು.

ಹತ್ತಿರದ ಬೆಟ್ಟ ಸ್ಟೋನ್ ಮೌಂಟನ್‌ನಲ್ಲಿ ಅವತ್ತು ಮಳೆ ಬಂದು ಸೌದೆಯೆಲ್ಲ ಒದ್ದೆ. ನಾವು ಬೆಂಕಿ ಹಚ್ಚಲು ಒದ್ದಾಡುತ್ತಿದ್ದಾಗ ಅವರ ಮಗಳು ಮೂರು ಕಲ್ಲು ತಂದಿಟ್ಟಳು. ಕಟ್ಟಿಗೆಯ ತೊಗಟೆ ಸುಲಿದು, ಒಳಗಿನ ಒಣ ಭಾಗವನ್ನು ಚಾಕುವಿನಿಂದ ಎಳೆ ಎಳೆಯಾಗಿ ಕೆತ್ತಿ, ಕಲ್ಲುಗಳ ನಡುವೆ ಸಡಿಲವಾಗಿ ಒಟ್ಟಿ, ಕೆಳಗೆ ಬಾಗಿ ಊದಿದಳು. ನಮ್ಮಜ್ಜಿ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದದ್ದೂ ಹೀಗೇ, ಮೂರು ಕಲ್ಲಿನ ಒಲೆ. ಬೆಂಕಿ ಹತ್ತಿತು. ಉಳಿದ ಮಕ್ಕಳು ಸುತ್ತ ಕೂತು ಕಲಿತರು, ಅವಳು ತೋರಿಸಿಕೊಟ್ಟಳು. ಅವರಪ್ಪ ದೂರದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಬೆಲೆ ಇರಲ್ಲ ಅಂದ ಗೆಳೆಯರು ಆ ಮುಖ ನೋಡಬೇಕಿತ್ತು.

ಮುಂದಿನ ತಿಂಗಳು ಮತ್ತೆ ಹೊರಟಿದ್ದೇವೆ. ಮಕ್ಕಳ ಅಳತೆಯ ಸ್ಲೀಪಿಂಗ್ ಬ್ಯಾಗ್ ನಿಮ್ಮ ಗ್ಯಾರೇಜಿನಲ್ಲಿದ್ದರೆ ಕೊಡಿ. ಮಾರ್ಷ್‌ಮ್ಯಾಲೋ (ಬೆಂಕಿಗೆ ಹಿಡಿದು ತಿನ್ನುವ ಮೆತ್ತನೆಯ ಸಿಹಿ) ತರೋದಾದರೆ ಹಲಾಲ್ ನೋಡಿ ತನ್ನಿ. ಮಾಮೂಲಿದರಲ್ಲಿ ಹಂದಿಯ ಜೆಲಾಟಿನ್ ಇರುತ್ತೆ, ಅಫ್ಘಾನ್ ಮಕ್ಕಳು ತಿನ್ನಲ್ಲ. ವ್ಯಾನ್ ಓಡಿಸಲು ಇನ್ನಿಬ್ಬರು ಬೇಕು, ಶುಕ್ರವಾರ ಸಂಜೆ.