ಅಳಬೇಡ ಅನ್ನಬೇಡಿ

ನಿನ್ನೆ ಸಂಜೆ ಕಾರವಾರದ ಹತ್ತಿರದ ಬಿಣಗಾದಲ್ಲಿ ಒಂದು ಮನೆಗೆ ಹೋಗಿದ್ದೆ. ರಾತ್ರಿ ನಿದ್ದೆ ಬರಲಿಲ್ಲ. ಇದನ್ನು ಬರೆಯದಿದ್ದರೆ ಇವತ್ತೂ ಬರೋದಿಲ್ಲ.

ಇಪ್ಪತ್ತಾರು ವರ್ಷದ ಮಗ. ಹೆದ್ದಾರಿಯಲ್ಲಿ ಬೈಕ್ ಬಿತ್ತು. ಗೋವಾದ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಹೋಗಿಬಿಟ್ಟ. (ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಪೆಟ್ಟು ಬಿದ್ದರೆ ಗೋವಾ, ಇಲ್ಲ ಮಣಿಪಾಲ, ಇಲ್ಲ ಹುಬ್ಬಳ್ಳಿ. ಅಷ್ಟು ದೂರ ಹೋಗುವವರೆಗೆ ಜೀವ ನಿಲ್ಲಬೇಕು.) ಮಣ್ಣು ಮಾಡಿ ಮೂರು ದಿನ ಆಗಿತ್ತು. ತಾಯಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದ ಸ್ಟೂಲಿನ ಮೇಲೆ ಮಗನ ಮೊಬೈಲು. ಚಾರ್ಜಿಗೆ ಹಾಕಿಟ್ಟಿದ್ದರು.

ಸಂಬಂಧಿಕರೊಬ್ಬರು ಮಾತಾಡ್ತಾ ಇದ್ದರು. ವಯಸ್ಸಾದವರು, ಪ್ರತಿದಿನ ಚರ್ಚಿಗೆ ಹೋಗುವವರು. "ಅಳಬೇಡ ಬಾಯಿ. ಎಲ್ಲ ದೇವರ ಚಿತ್ತ. ಒಳ್ಳೆ ಹೂವನ್ನೇ ದೇವರು ಮೊದಲು ಕೊಯ್ಯುತ್ತಾನೆ. ಹೀಗೆ ಅಳ್ತಾ ಕೂತರೆ ನಿನಗೆ ವಿಶ್ವಾಸ ಇಲ್ಲ ಅಂತ ಆಗುತ್ತೆ."

ಅಷ್ಟರಲ್ಲಿ ಆ ಮೊಬೈಲು ಹೊಡೆದುಕೊಂಡಿತು. ಏಳೂವರೆ. ರಾತ್ರಿ ಪಾಳಿಗೆ ಹೊರಡಲು ಅವನೇ ಇಟ್ಟುಕೊಂಡಿದ್ದ ಅಲಾರಾಂ. ಯಾರೋ ಕೈ ಚಾಚಿದರು. ತಾಯಿ "ಬಂದ್ ಮಾಡಬೇಡಿ" ಅಂದರು. ಅದು ತಾನಾಗಿ ನಿಲ್ಲುವವರೆಗೆ ಎಲ್ಲರೂ ಸುಮ್ಮನೆ ಕೂತಿದ್ದೆವು. ನಿಂತ ಮೇಲೆ ಆ ಸಂಬಂಧಿಕರು ಮತ್ತೆ ಶುರು ಮಾಡಿದರು. ದೇವರ ಚಿತ್ತ.

ನನಗೆ ಸಿಟ್ಟು ಬಂತು. ಇನ್ನೂ ಇಳಿದಿಲ್ಲ.

ನಾನೂ ಚರ್ಚಿಗೆ ಹೋಗುವವಳು, ಶಿಲುಬೆಯ ಮುಂದೆ ಮೊಣಕಾಲೂರುವವಳು. ಅದಕ್ಕೇ ಕೇಳ್ತೀನಿ, ಅಳುವುದು ಅವಿಶ್ವಾಸ ಅಂತ ನಮಗೆ ಕಲಿಸಿದ್ದು ಯಾರು? ಲಾಜರ ಸತ್ತಾಗ ಮಾರ್ತಾ ಯೇಸುವಿನ ಮುಖಕ್ಕೇ ಹೇಳಿದಳು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯ್ತಿರಲಿಲ್ಲ ಅಂತ. ಯೇಸು ಅವಳನ್ನು ಗದರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತ. ಮುಂದೆ ಪುನರುತ್ಥಾನ ಇದೆ ಅಂತ ಗೊತ್ತಿದ್ದವನೇ ಅತ್ತಿದ್ದಾನೆ. ಬಿಣಗಾದ ಒಬ್ಬ ತಾಯಿ ಅತ್ತರೆ ತಪ್ಪಾಯ್ತಾ?

"ದೇವರ ಚಿತ್ತ" ಅನ್ನುವ ಮಾತು ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಆದರೆ ಅದನ್ನು ಯಾರು ಹೇಳಬೇಕು? ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು "ನಿನ್ನ ಚಿತ್ತವೇ ಆಗಲಿ" ಅಂದದ್ದು ಹೌದು. ಅದಕ್ಕೂ ಮೊದಲು, ಸಾಧ್ಯವಾದರೆ ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಅಂತ ಬೇಡಿಕೊಂಡ. ಒಂದು ಸಲ ಅಲ್ಲ, ಮೂರು ಸಲ ಹೋಗಿ ಪ್ರಾರ್ಥಿಸಿದ. ನೋವು ಯಾರದೋ ಅವರ ಬಾಯಿಂದ, ಅವರಿಗೆ ಸಾಧ್ಯವಾದಾಗ ಬರಬೇಕಾದ ಮಾತು ಅದು. ಚಾ ಕುಡಿದು ಹೊರಡುವವರು ಆಡುವ ಮಾತಲ್ಲ. ಆ ರಾತ್ರಿ ಯೇಸು ಶಿಷ್ಯರ ಹತ್ತಿರ ಕೇಳಿದ್ದಾದರೂ ಏನು? ನನ್ನ ಜೊತೆ ಎಚ್ಚರವಾಗಿರಿ, ಅಷ್ಟೇ. ಅವರು ಮಲಗಿಬಿಟ್ಟರು.

ನನ್ನದೂ ಒಂದು ಮಾತು ಹೇಳಿಬಿಡ್ತೀನಿ. ಇಲ್ಲಿವರೆಗೆ ಎಲ್ಲೂ ಬರೆದಿಲ್ಲ.

ನಮ್ಮವರು, ನನ್ನ ಗಂಡ, ಹೋದದ್ದು 2021ರ ಮೇ ತಿಂಗಳಲ್ಲಿ. ಕೊನೆಗೆ ಮುಖ ನೋಡಲೂ ಆಗಲಿಲ್ಲ. ನನಗೂ ಕೋವಿಡ್ ಪಾಸಿಟಿವ್, ಮನೆಯೊಳಗೆ ಒಬ್ಬಳೇ. ಮೊಬೈಲ್ ತುಂಬ ಮೆಸೇಜು, ಕೈಮುಗಿದ ಚಿತ್ರ, ಬೈಬಲ್ ವಾಕ್ಯ. ಒಂದನ್ನೂ ಓದಲಾಗಲಿಲ್ಲ. ದೇವರ ಮೇಲೆ ನನಗೆ ಆಗ ಇದ್ದದ್ದು ಸಿಟ್ಟೊಂದೇ.

ಪಕ್ಕದ ಮನೆಯ ಮಾಯಿ ಆಗ ಎಪ್ಪತ್ತು ದಾಟಿದವರು. ಸಂಜೆ ಏಳಕ್ಕೆ ಚಿರೆಕಲ್ಲಿನ ಪಾಗಾರದ (ಕಾಂಪೌಂಡ್ ಗೋಡೆಯ) ಆಚೆ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿಕೊಂಡರು. ಗಟ್ಟಿಯಾಗಿ ತೇರ್ಸ್ ಶುರು ಮಾಡಿದರು. ತೇರ್ಸ್ ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ, ಜಪಮಾಲೆಯ ಪ್ರಾರ್ಥನೆ ಅದು. ಒಬ್ಬರು ಅರ್ಧ ಹೇಳಬೇಕು, ಉಳಿದರ್ಧ ಬೇರೆಯವರು ಹೇಳಬೇಕು. ಮಾಯಿ "ನಮಾನ್ ಮರಿಯೆ" (ಮರಿಯಮ್ಮನಿಗೆ ನಮಸ್ಕಾರ) ಅಂತ ತಮ್ಮ ಅರ್ಧ ಮುಗಿಸಿ ನಿಲ್ಲಿಸಿದರು. ಕಾದರು. ನಾನು ಕಿಟಕಿ ಹತ್ತಿರ ಇದ್ದೆ, ಬಾಯಿ ತೆರೆಯಲಿಲ್ಲ. ಆಮೇಲೆ ನನ್ನ ಅರ್ಧವನ್ನೂ ಅವರೇ ಹೇಳಿದರು. ಮತ್ತೆ ತಮ್ಮದು, ಮತ್ತೆ ಕಾಯುವುದು. ಒಂದು ತೇರ್ಸಿಗೆ 53 ಸಲ. ದಿನಾ ಸಂಜೆ ಹೀಗೇ.

ಆ ಎರಡನೇ ಅರ್ಧದಲ್ಲಿ "ಈಗಲೂ ನಮ್ಮ ಮರಣದ ಗಳಿಗೆಯಲ್ಲೂ ನಮಗಾಗಿ ಬೇಡಿಕೋ" ಅಂತ ಬರುತ್ತೆ. ಆ ಮರಣ ಅನ್ನುವ ಶಬ್ದ ನನ್ನ ಗಂಟಲಲ್ಲಿ ಸಿಕ್ಕಿಕೊಳ್ತಿತ್ತು. ಮಾಯಿಗೆ ಅದು ಗೊತ್ತಿತ್ತು ಅಂತಲೇ ನನ್ನ ನಂಬಿಕೆ. ಒಂದು ದಿನವೂ "ನೀನೂ ಹೇಳು" ಅನ್ನಲಿಲ್ಲ. ಎಂಟನೇ ಸಂಜೆ ಮಳೆ ಹನಿಯಲು ಶುರುವಾಯ್ತು. ಅವರು ಕೊಡೆ ಬಿಚ್ಚಿಕೊಂಡು ಅಲ್ಲೇ ಕೂತರು. ಅವತ್ತು ನನ್ನ ಅರ್ಧ ನಾನೇ ಹೇಳಿದೆ. ಅಳ್ತಾನೇ ಹೇಳಿದೆ. ಶಿಲುಬೆಯ ಮೇಲಿದ್ದವನು ಕೂಡ "ನನ್ನನ್ನು ಯಾಕೆ ಕೈಬಿಟ್ಟೆ" ಅಂತ ಕೂಗಿದ್ದ ಅಂತ ಆಗ ನೆನಪಾಯ್ತು. ಅಷ್ಟು ದಿನ ಒಬ್ಬಳೇ ಇದ್ದೆ ಅಂದುಕೊಂಡಿದ್ದೆ. ಇರಲಿಲ್ಲ. ಸಮಾಧಾನ ಅಂತ ನನಗೆ ಸಿಕ್ಕಿದ್ದು ಅದು. ಇವತ್ತಿಗೂ ನಾನು ಬದುಕ್ತಾ ಇರುವುದು ಅದರ ಮೇಲೆಯೇ.

ಕೆಲವರಿಗೆ "ದೇವರ ಚಿತ್ತ" ಅನ್ನುವ ಮಾತಿನಿಂದಲೇ ಧೈರ್ಯ ಬರುತ್ತೆ, ಸಂತ ಪೌಲನೇ ದುಃಖಿಸಬೇಡಿ ಅಂದಿದ್ದಾನಲ್ಲ ಅಂತ ನೀವು ಹೇಳಬಹುದು. ಪೂರ್ತಿ ಓದಿ ದಯವಿಟ್ಟು. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂದಿದ್ದಾನೆ. ದುಃಖವೇ ಬೇಡ ಅಂದಿಲ್ಲ. ಧೈರ್ಯ ಬರುವವರಿಗೆ ಬರಲಿ, ಸಂತೋಷ. ಆದರೆ ಮಣ್ಣು ಮಾಡಿದ ಮೂರನೇ ದಿನ ಆ ತಾಯಿ ಅದು ಬೇಕು ಅಂತ ಕೇಳಿರಲಿಲ್ಲ.

ಇದಕ್ಕಿಂತ ಕೆಟ್ಟದ್ದನ್ನೂ ಕೇಳಿದ್ದೀನಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಹೆದ್ದಾರಿ ಬದಿಯ ಚಾ ಅಂಗಡಿ ಗಂಗಾವಳಿ ನದಿಗೆ ಕೊಚ್ಚಿಹೋಯಿತಲ್ಲ, ಆ ವಾರ ಅಂಕೋಲಾ ಬಸ್ಸಿನಲ್ಲಿ ಒಬ್ಬರು ಅದು ಪಾಪದ ಫಲ ಅಂತ ಹೇಳ್ತಾ ಇದ್ದರು. ಕೊರಳಲ್ಲಿ ಶಿಲುಬೆ ಇತ್ತು. ಯೆರೂಸಲೇಮಿನಲ್ಲಿ ಸಿಲೋವಾಮಿನ ಗೋಪುರ ಬಿದ್ದು 18 ಜನ ಸತ್ತಾಗ ಯೇಸು ಇದೇ ಪ್ರಶ್ನೆ ಎತ್ತಿದ್ದ. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾ? ಅಲ್ಲ ಅಂತ ಅವನೇ ಹೇಳಿದ. ನಮ್ಮ ಬೈಬಲ್ಲಿನಲ್ಲೇ ಇದೆ.

ಅದೇ ಬೈಬಲ್ಲಿನಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಬಂದಾಗ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಂದು ಮಾತೂ ಆಡಲಿಲ್ಲ. ಅಲ್ಲಿವರೆಗೆ ಸರಿಯಾಗಿಯೇ ಇತ್ತು. ಬಾಯಿಬಿಟ್ಟು ಕಾರಣ ಹೇಳಲು ಹೊರಟರು ನೋಡಿ, ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆಯೇ. ಯೋಬ ಅಷ್ಟೆಲ್ಲ ಕೂಗಾಡಿದ್ದರೂ ಅವನ ಮೇಲಲ್ಲ.

ನಿನ್ನೆ ನಾನು ಆ ಸಂಬಂಧಿಕರಿಗೆ ಏನೂ ಹೇಳಲಿಲ್ಲ. ಹಿರಿಯರು, ಸಾವಿನ ಮನೆ ಬೇರೆ. ಈಗ ಅನಿಸ್ತಿದೆ, ಮೆಲ್ಲಗೆ ಹೊರಗೆ ಕರೆದು ಹೇಳಬೇಕಿತ್ತು. ಅವರ ಮನಸ್ಸು ಕೆಟ್ಟದ್ದಲ್ಲ. ಅಳು ನೋಡಲಾಗದೆ ಆಡಿದ ಮಾತು ಇರಬಹುದು.

ಇವತ್ತೂ ಹೋಗ್ತಾ ಇದ್ದೀನಿ. ಗಂಜಿ ಮಾಡಿದ್ದೀನಿ, ಒಣ ಸೀಗಡಿ ಚಟ್ನಿ ಇದೆ. ತಿಂತಾರೋ ಇಲ್ಲವೋ. ಏಳೂವರೆಗೆ ಆ ಅಲಾರಾಂ ಮತ್ತೆ ಹೊಡೆಯುತ್ತೆ. ಅಷ್ಟರೊಳಗೆ ಅಲ್ಲಿರಬೇಕು.